ಅತ್ತಿಗೆ ಆರಿಸಿದ ಚಾಕು

ಅತ್ತಿಗೆಯ ಗಂಡ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಮನೆಯವರಿಗೆ ಮೊದಲು ಚಿಂತೆಯಾದದ್ದು ದೋಣಿಯದು. ಹದಿನೈದು ವರ್ಷ ಸಮುದ್ರದ ಮೇಲೆ ಒಂದು ಗೀರೂ ಆಗದ ಮನುಷ್ಯ, ಮನೆಯ ಮೇಲಿನ ನೀರಿನ ಟ್ಯಾಂಕ್ ತೊಳೆಯಲು ಹೋಗಿ ಅಂಗಳಕ್ಕೆ ಬಿದ್ದಿದ್ದ. ಪ್ಲಾಸ್ಟರ್ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಅವನ ತಂಗಿ. ಏಡಿ ಹಿಡಿಯುವ ದೋಣಿ ಅವಳದು. ಅಪ್ಪ ಸಾಯುವ ಮುಂಚೆ ಮಗನನ್ನು ಬಿಟ್ಟು ಮಗಳ ಕೈಗೆ ಚುಕ್ಕಾಣಿ ಕೊಟ್ಟಿದ್ದ. ಅಣ್ಣ ಅದಕ್ಕಾಗಿ ಒಂದು ದಿನವೂ ಮುಖ ಗಂಟು ಹಾಕಿದವನಲ್ಲ. ಅವಳು ದೋಣಿ ನಡೆಸುತ್ತಿದ್ದಳು, ಅವನು ಏಡಿ ಬೀಳುವ ಪಂಜರಗಳನ್ನು ನೀರಿಗಿಳಿಸಿ ಎತ್ತುತ್ತಿದ್ದ. ಒಬ್ಬರಿಂದ ಆಗುವ ಕೆಲಸ ಅದಲ್ಲ.

"ಯಾರನ್ನಾದ್ರೂ ಕೂಲಿಗೆ ನೋಡ್ಬೇಕು," ಎಂದಳು ತಂಗಿ.

"ಯಾಕೆ, ನಾನೇನು ಸತ್ತಿದೀನಾ?" ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

ಅಣ್ಣ ತಂಗಿ ಇಬ್ಬರೂ ತಿರುಗಿ ನೋಡಿದರು. ಅವಳು ಸಮುದ್ರವೇ ಕಾಣದ ಊರಿನವಳು, ಮಾಂಸದ ಅಂಗಡಿಯವನ ಮಗಳು. ಓರಗೆಯ ಹುಡುಗಿಯರು ಗೊಂಬೆಗೆ ಜಡೆ ಹಾಕುವ ವಯಸ್ಸಿನಲ್ಲಿ ಅವಳು ಸಾಣೆಕಲ್ಲಿನ ಮೇಲೆ ಚಾಕು ಎಳೆಯುತ್ತಿದ್ದಳು. ತೋಳು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ.

"ನಿಮಗೆ ಈಜು ಬರುತ್ತಾ ಅತ್ತಿಗೆ?"

"ಬರುತ್ತೆ. ಕೆರೇಲಿ ಕಲ್ತಿದ್ದು."

"ಕೆರೆ ಅಲ್ಲಾಡಲ್ಲ."

"ನಾನೂ ಅಲ್ಲಾಡಲ್ಲ."

ಗಂಡ ನಕ್ಕುಬಿಟ್ಟ. "ಕರ್ಕೊಂಡು ಹೋಗೇ ಮಾರಾಯ್ತಿ. ಬೇಡ ಅಂದ್ರೆ ನನ್ನ ಇನ್ನೊಂದು ಕಾಲೂ ಮುರೀತಾಳೆ."

ಹಾಗೆ ಅತ್ತಿಗೆ ದೋಣಿ ಹತ್ತಿದಳು.

ಮೊದಲ ದಿನ ದಡದ ಶೆಡ್ಡಿನಲ್ಲಿ ನಾದಿನಿ ಅವಳಿಗೊಂದು ರಬ್ಬರಿನ ಬೂಟು, ಒಂದು ತೇಲುವ ಜಾಕೆಟ್ಟು, ಒಂದು ಚಾಕು ಕೊಟ್ಟಳು. ಚಾಕು ನೋಡಿ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಗರಗಸದ ಹಾಗೆ ಹಲ್ಲು, ತೆಳ್ಳಗಿನ ಅಲಗು. ಅಂಥದೇ ಇನ್ನೊಂದು ನಾದಿನಿಯ ಎದೆಯ ಮೇಲೆ, ಜಾಕೆಟ್ಟಿನ ಪಟ್ಟಿಗೆ ದಾರದಲ್ಲಿ ಕಟ್ಟಿಕೊಂಡು ನೇತಾಡುತ್ತಿತ್ತು.

"ಇದರಲ್ಲಿ ಬ್ರೆಡ್ಡು ಕೊಯ್ಬಹುದು ನೋಡು," ಎಂದು ಅದನ್ನು ಗೂಟಕ್ಕೆ ತಗುಲಿಸಿ, ತನ್ನ ಸೊಂಟದಿಂದ ಬೇರೆಯದನ್ನು ಹೊರತೆಗೆದಳು. ಅಪ್ಪ ಮದುವೆಯಲ್ಲಿ ಕೊಟ್ಟದ್ದು. ಹಳೆಯ ಕಾಲದ ಗಟ್ಟಿ ಉಕ್ಕು, ಮರದ ಹಿಡಿ, ಟಿಚ್ ಬಟನ್ ಇರುವ ಚರ್ಮದ ಒರೆ. ಮುಂಗೈ ಮೇಲೆ ಹಗುರಾಗಿ ಎಳೆದು ತೋರಿಸಿದಳು; ಕೂದಲು ಉದುರಿ ಅಷ್ಟು ಜಾಗ ಬೋಳಾಯಿತು.

ನಾದಿನಿ ಏನೋ ಹೇಳಲು ಬಾಯಿ ತೆರೆದಳು. ಅಣ್ಣನ ಹೆಂಡತಿ, ವಯಸ್ಸಿನಲ್ಲೂ ಎರಡು ವರ್ಷ ದೊಡ್ಡವಳು, ಅದೂ ಮೊದಲ ದಿನ. "ನಿಮ್ಮಿಷ್ಟ ಅತ್ತಿಗೆ," ಎಂದು ಸುಮ್ಮನಾದಳು.

ಕೆಲಸ ಅತ್ತಿಗೆಗೆ ಬೇಗ ಕೈಗೆ ಹತ್ತಿತು. ಪಂಜರದೊಳಗೆ ಇಡುವ ಎರೆಗೆ ಹಳಸಲು ಮೀನನ್ನು ತುಂಡು ಮಾಡಬೇಕಿತ್ತು. ಅದರಲ್ಲಿ ಅವಳನ್ನು ಮೀರಿಸುವವರು ಆ ದಡದಲ್ಲೇ ಇರಲಿಲ್ಲ. ಗಂಡ ದೋಣಿಯಲ್ಲಿದ್ದಾಗ ಒಂದು ಬುಟ್ಟಿ ಮುಗಿಸುತ್ತಿದ್ದ ಹೊತ್ತಿಗೆ ಅವಳು ಎರಡು ಮುಗಿಸುತ್ತಿದ್ದಳು. ಪಂಜರಗಳನ್ನು ಒಂದೇ ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿರುತ್ತಾರೆ. ಹಗ್ಗದ ತುದಿಯ ತೇಲುಬುಂಡೆಯನ್ನು ಮೊದಲು ನೀರಿಗೆ ಎಸೆದು, ದೋಣಿ ಮುಂದೆ ಸಾಗಿದ ಹಾಗೆ ಒಂದೊಂದೇ ಪಂಜರವನ್ನು ಹಿಂದಿನಿಂದ ಜಾರಿಸಬೇಕು. ಮುಳುಗುವ ಪಂಜರದ ಭಾರಕ್ಕೆ ಹಗ್ಗ ಹಾವಿನ ಹಾಗೆ ಸರಸರ ಹರಿದು ಹೋಗುತ್ತದೆ. ಆಗ ಅದರ ಸುರುಳಿಯಲ್ಲಿ ಕಾಲಿಟ್ಟವರ ಕತೆ ಮುಗಿದಂತೆ.

"ಅತ್ತಿಗೆ, ದಯವಿಟ್ಟು ನಿಮ್ಮ ಪಾದ ಹಗ್ಗದಿಂದ ಈಚೆ ಇಡಿ," ಎಂದು ನಾದಿನಿ ಚುಕ್ಕಾಣಿಯ ಬಳಿಯಿಂದ ಕೂಗುವಳು. ಅಣ್ಣನಿಗಾದರೆ ಇದೇ ಮಾತನ್ನು ಎಂಥ ಭಾಷೆಯಲ್ಲಿ ಹೇಳುತ್ತಿದ್ದಳೋ, ಇಲ್ಲಿ ಬರೆಯುವ ಹಾಗಿಲ್ಲ. ಅತ್ತಿಗೆಗೆ ಮಾತ್ರ ಎಲ್ಲವೂ ಬಹುವಚನ. ಬೈಗುಳಕ್ಕೂ ಆಹ್ವಾನ ಪತ್ರಿಕೆಯ ಮರ್ಯಾದೆ.

ವಾರ ಕಳೆಯುವುದರೊಳಗೆ ಚಾಕುವಿನ ಮೇಲೆ ಕಂದು ಚುಕ್ಕೆಗಳೆದ್ದವು. ಅತ್ತಿಗೆ ಬೂದಿ ಹಾಕಿ ತಿಕ್ಕಿ, ಸಾಣೆ ಹಿಡಿದು, ಹೊಳೆಯುವಂತೆ ಮಾಡಿ ಒರೆಗೆ ಸೇರಿಸಿದಳು. ಮೂರು ದಿನಕ್ಕೆ ಮತ್ತೆ ಚುಕ್ಕೆ. ಮತ್ತೆ ತಿಕ್ಕಿದಳು. ಅಂಗಡಿಯಲ್ಲಿ ರಕ್ತ, ಕೊಬ್ಬು, ನೀರು ಎಲ್ಲ ಕಂಡ ಚಾಕು ಇಲ್ಲಿ ಯಾಕೆ ಹೀಗೆ ಮುನಿಸಿಕೊಳ್ಳುತ್ತದೆಂದು ಅವಳಿಗೆ ಅರ್ಥವಾಗಲಿಲ್ಲ. ನನ್ನ ಕೈಯೇ ಸೋಮಾರಿಯಾಯಿತೇನೋ ಎಂದುಕೊಂಡು ಇನ್ನಷ್ಟು ಜೋರಾಗಿ ತಿಕ್ಕಿದಳು. ಒರೆಯ ಕಡೆ ಮಾತ್ರ ಅವಳ ಗಮನ ಹೋಗಲಿಲ್ಲ. ಚರ್ಮ ದಿನವೂ ಉಪ್ಪುನೀರು ಕುಡಿದು ಒಳಗೊಳಗೇ ಹಸಿಯಾಗಿತ್ತು. ಟಿಚ್ ಬಟನ್ನಿನ ಅಂಚಿನಲ್ಲಿ ಹಸಿರು ಕಿಲುಬು ಕಟ್ಟುತ್ತಿತ್ತು. ಒಮ್ಮೆ ಎರಡು ದಿನದ ಎರೆ ಒಟ್ಟಿಗೆ ಕೊಯ್ದಿಟ್ಟು, ಚಾಕುವನ್ನು ತಿಕ್ಕದೆ ಒರೆಯಲ್ಲೇ ಬಿಟ್ಟಳು.

ಗಾಳಿ ಸ್ವಲ್ಪ ಜೋರಿದ್ದ ಒಂದು ಬೆಳಿಗ್ಗೆ ಸಾಲು ಇಳಿಸುವಾಗ ಒಂದು ಪಂಜರ ಪಕ್ಕದ ಪಂಜರಕ್ಕೆ ಸಿಕ್ಕಿಕೊಂಡು ಕೂತಿತು. ಅತ್ತಿಗೆ ಎಳೆದಳು, ಒದ್ದಳು. ಬರಲಿಲ್ಲ.

"ನೀವು ಚುಕ್ಕಾಣಿ ಹಿಡ್ಕೊಳ್ಳಿ, ನಾನು ನೋಡ್ತೀನಿ," ಎಂದು ನಾದಿನಿ ಹಿಂದಕ್ಕೆ ಬಂದಳು. ಬಾಗಿ ಗಂಟು ಬಿಡಿಸಿದಳು. ಪಂಜರ ದಡಾರನೆ ನೀರಿಗೆ ಬಿತ್ತು. ಅದರ ಹಿಂದೆ ಹೊರಟ ಹಗ್ಗದ ಸುರುಳಿ ಅವಳ ಪಾದದ ಸುತ್ತ ಬಿಗಿಯಿತು.

ಅತ್ತಿಗೆ ಕಂಡದ್ದು ಇಷ್ಟು: ನಿಂತಿದ್ದ ನಾದಿನಿ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದಳು, ಯಾರೋ ಕಾಲು ಹಿಡಿದು ಎಳೆದ ಹಾಗೆ ಹಿಂಬದಿಗೆ ಜಾರಿದಳು, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಒಂದು ಕಾಲು ಆಗಲೇ ಅಂಚಿನಾಚೆ ನೆಟ್ಟಗೆ ಚಾಚಿ ನಿಂತಿತ್ತು. ಇಳಿದ ಪಂಜರಗಳ ಭಾರವೆಲ್ಲ ಆ ಕಾಲಿನ ಮೇಲೆ.

ಅತ್ತಿಗೆ ಮೊದಲು ಇಂಜಿನ್ ಆರಿಸಿದಳು. ಎರಡು ಹೆಜ್ಜೆಗೆ ಹಿಂದೆ ಬಂದಳು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಟಿಚ್ ಬಟನ್ ತೆರೆಯಲಿಲ್ಲ. ಉಗುರು ಹಾಕಿ ಎತ್ತಿದಳು, ಉಗುರು ಸೀಳಿತು. ಒರೆಯನ್ನೇ ಕಿತ್ತು ಎಳೆದಳು. ಹೊಲಿಗೆ ಬಿಚ್ಚಿತೇ ಹೊರತು ಚಾಕು ಹೊರಗೆ ಬರಲಿಲ್ಲ.

"ನನ್ನದು ತಗೊಳ್ಳೇ! ಎದೆ ಮೇಲಿದೆ! ಕೊಯ್ಯೇ, ಏನು ನೋಡ್ತೀಯ!"

ನಾದಿನಿ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅತ್ತಿಗೆ ಆ ಕಿತ್ತಳೆ ಹಿಡಿಯನ್ನು ಕಿತ್ತುಕೊಂಡು ಅಂಚಿನ ಮೇಲೆ ಬಗ್ಗಿ, ಪಾದದಿಂದ ಒಂದು ಗೇಣು ಆಚೆ ಹಗ್ಗಕ್ಕೆ ಇಟ್ಟು ಗರಗಸದ ಹಾಗೆ ಎಳೆದಳು. ಹಲ್ಲು ಕಚ್ಚಿತು. ಎಳೆಎಳೆಯಾಗಿ ಬಿಚ್ಚಿದ ಹಗ್ಗ ಕೊನೆಗೆ ಪಟ್ಟೆಂದು ತುಂಡಾಗಿ ನೀರೊಳಗೆ ಹಾರಿ ಹೋಯಿತು.

ಇಬ್ಬರೂ ದೋಣಿಯ ತಳದಲ್ಲಿ ಮೀನಿನ ತುಂಡುಗಳ ನಡುವೆ ಕೂತರು. ನಾದಿನಿ ಬೂಟು ಬಿಚ್ಚಿ ನೋಡಿದಳು. ಕಣಕಾಲಿನ ಸುತ್ತ ಚರ್ಮ ಕೆಂಪಗೆ ಸುಲಿದಿತ್ತು. ಬೆರಳಾಡಿಸಿದಳು, ಐದೂ ಆಡಿದವು.

"ಮುರಿದಿಲ್ಲ," ಎಂದಳು. "ಒಂದೇ ಮನೇಲಿ ಎರಡು ಪ್ಲಾಸ್ಟರ್ ಆದ್ರೆ ಅಡುಗೆ ಯಾರು ಮಾಡೋದು?"

ಅತ್ತಿಗೆಗೆ ನಗು ಬರಲಿಲ್ಲ. ಹೊಲಿಗೆ ಬಿಚ್ಚಿದ ಒರೆಯನ್ನು ಮುಂದೆ ಹಿಡಿದಳು.

"ನನ್ನ ಚಾಕು ಬರ್ಲಿಲ್ಲ."

"ನೋಡ್ದೆ."

"ನೀನು ಮೊದಲ ದಿನವೇ ಇದನ್ನ ಕೊಟ್ಟೆ. ನಾನು ನಕ್ಕೆ."

"ನಾನು ಬಾಯಿ ಬಿಟ್ಟು ಹೇಳ್ಬೇಕಿತ್ತು. ಅಣ್ಣನಿಗೆ ಆಗಿದ್ರೆ ತಲೆ ಮೇಲೆ ಮೊಟಕಿ ಕಟ್ಟಿಸ್ತಿದ್ದೆ. ನಿಮಗೆ ಹೇಗೆ ಹೇಳೋದು ಅಂತ..."

"ಇನ್ಮೇಲೆ ನನಗೂ ಮೊಟಕು," ಎಂದಳು ಅತ್ತಿಗೆ. "ಮರ್ಯಾದೆ ಎಲ್ಲ ಮನೇಲಿಟ್ಟು ಬರೋಣ. ದೋಣೀಲಿ ಅದಕ್ಕೆ ಜಾಗ ಇಲ್ಲ."

ಆಮೇಲೆ ನಾದಿನಿ ಕಾಲಿಗೊಂದು ಬಟ್ಟೆ ಸುತ್ತಿಕೊಂಡು ಎದ್ದಳು. ಸಾಲಿನ ಇನ್ನೊಂದು ತುದಿಯ ತೇಲುಬುಂಡೆ ದೂರದಲ್ಲಿ ಕೆಂಪಗೆ ಕಾಣುತ್ತಿತ್ತು. ಅಲ್ಲಿಗೆ ಹೋಗಿ ಆ ಕಡೆಯಿಂದ ಪಂಜರಗಳನ್ನೆಲ್ಲ ಎತ್ತಿ, ತುಂಡಾದ ಹಗ್ಗಕ್ಕೆ ಬೇರೆ ಹಗ್ಗ ಹೆಣೆದು, ಮತ್ತೆ ಇಳಿಸಿಯೇ ದಡಕ್ಕೆ ಬಂದರು.

ಬೇರೆ ಯಾರಾದರೂ ಆಗಿದ್ದರೆ ಅಪ್ಪನ ಚಾಕುವಿನ ಸಹವಾಸವೇ ಬೇಡವೆಂದು ಗೂಟದಲ್ಲಿದ್ದ ಕಿತ್ತಳೆ ಹಿಡಿಯದನ್ನು ತೆಗೆದು ಕಟ್ಟಿಕೊಂಡು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅತ್ತಿಗೆ ಆ ಜಾತಿಯವಳಲ್ಲ. ಚಾಕು ತನ್ನ ಕೈಯಲ್ಲಿ ಸೋತಿತೆಂದರೆ ಅವಳಿಗೆ ಊಟ ಸೇರದು. ಸಂಜೆ ಇಕ್ಕಳದಿಂದ ಒರೆಯನ್ನು ಸೀಳಿ ಚಾಕು ಹೊರತೆಗೆದಳು. ಅಲಗಿನ ತುಂಬ ತುಕ್ಕು, ಅದಕ್ಕೆ ಚರ್ಮ ಅಂಟಿಕೊಂಡು ಗಾಯದ ಹಕ್ಕಳೆಯಂತಾಗಿತ್ತು. ಹಾಗೇ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ನಿನ್ನ ಚಾಕು ಕೈ ಕೊಡ್ತು."

ಅಪ್ಪ ಪೂರ್ತಿ ಕೇಳಿದ. "ಚಾಕು ಯಾಕೆ ಕೈ ಕೊಡುತ್ತೆ ಮಗಳೇ? ನಾನು ಕೊಟ್ಟಿದ್ದು ಮಾಂಸಕ್ಕೆ. ನೀನು ಅದನ್ನ ಉಪ್ಪಿನ ಭರಣೀಲಿ ಇಟ್ಟು ಹಗ್ಗ ಕೊಯ್ಯಿ ಅಂದ್ರೆ? ಅದನ್ನ ತಿಕ್ಕಿ ಎಣ್ಣೆ ಹಚ್ಚಿ ಅಡುಗೆಮನೇಲಿಡು. ದೋಣಿಗೆ ಬೇರೆ ನೋಡು."

"ಯಾವ್ದು ನೋಡ್ಲಿ?"

"ನನಗೇನು ಗೊತ್ತು? ನಾನು ಸಮುದ್ರ ನೋಡಿದ್ದೇ ನಿನ್ನ ಮದುವೇಲಿ. ನೀನೇ ನೋಡಿ ನನಗೆ ಹೇಳು."

ಮಾರನೆಯ ದಿನ ಬಂದರಿನ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಕಪ್ಪನೆಯ ದೊಡ್ಡ ಚಾಕುವೊಂದನ್ನು ಎರಡೂ ಕೈಯಲ್ಲಿ ತೆಗೆದು ಇಟ್ಟ. ಹಿಡಿಯ ತುದಿಯಲ್ಲಿ ದಿಕ್ಸೂಚಿ ಬೇರೆ.

"ಮೇಡಂ, ಇದು ಬಂದ್ರೆ ಶಾರ್ಕು ಕೂಡ ದಾರಿ ಬಿಡುತ್ತೆ."

"ನಾನು ಹಿಡಿಯೋದು ಏಡಿ. ದಿಕ್ಕು ನನ್ನ ನಾದಿನಿಗೆ ಗೊತ್ತು. ಇದು ಹಗ್ಗ ಕೊಯ್ಯುತ್ತಾ?"

"ಎಲ್ಲಾನೂ ಕೊಯ್ಯುತ್ತೆ."

"ಹಾಗಾದ್ರೆ ಒಂದು ತುಂಡು ಹಗ್ಗ ಒದ್ದೆ ಮಾಡಿ ಕೊಡಿ."

ಅಂಗಡಿಯವನು ಕೆಮ್ಮಿದ. ಆಮೇಲೆ ಅವಳನ್ನು ಗಿರಾಕಿಯೆಂದು ನೋಡದೆ ಮನುಷ್ಯಳೆಂದು ನೋಡಿ, ಮೂಲೆಯ ಡಬ್ಬದಲ್ಲಿದ್ದ ಸಾಧಾರಣ ಚಾಕುಗಳನ್ನು ಮೇಜಿನ ಮೇಲೆ ಸುರಿದ. ನಾಲ್ಕೈದು ಬಗೆ ಆರಿಸಿಕೊಂಡು ಬಂದಳು. ಅವೆಲ್ಲವನ್ನೂ ಒಂದು ಬಲೆಚೀಲಕ್ಕೆ ಹಾಕಿ, ದೋಣಿ ಕಟ್ಟುವ ಕಂಬಕ್ಕೆ ಬಿಗಿದು, ಅಲೆ ಬಂದು ನೆನೆಸಿ ಹೋಗುವ ಜಾಗದಲ್ಲಿ ಇಳಿಬಿಟ್ಟಳು. ನೀರಲ್ಲೇ ಮುಳುಗಿದ್ದಕ್ಕಿಂತ ನೆನೆದು ಒಣಗಿ ನೆನೆದು ಒಣಗುವ ಕಬ್ಬಿಣ ಬೇಗ ಹಾಳಾಗುತ್ತದೆಂದು ನಾದಿನಿ ಹೇಳಿದ್ದಳು.

ಒಂದು ವಾರದ ಮೇಲೆ ಪರೀಕ್ಷೆ. ಒದ್ದೆ ಹಗ್ಗದ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಗಂಡನ ಕೈಗೆ.

"ಬಿಗಿಯಾಗಿ ಹಿಡೀರಿ."

"ಏ, ನನ್ನ ಹೆಬ್ಬೆರಳಿಂದ ದೂರ! ಇರೋದೇ ಎರಡು."

ನುಣ್ಣಗೆ ಸಾಣೆ ಹಿಡಿದ ಅಲಗು ಒದ್ದೆ ನೈಲಾನಿನ ಮೇಲೆ ಜಾರಿತು. ಹಲ್ಲಿದ್ದವು ಕಚ್ಚಿದವು. ತುಂಬ ಗಟ್ಟಿ ಉಕ್ಕಿನವು ಹರಿತವನ್ನು ಚೆನ್ನಾಗಿ ಉಳಿಸಿಕೊಂಡಿದ್ದವು, ಆದರೆ ಮೈತುಂಬ ತುಕ್ಕು. ಸ್ವಲ್ಪ ಮೆತ್ತನೆಯ ಸ್ಟೀಲಿನದಕ್ಕೆ ತುಕ್ಕು ಹತ್ತಿರಲಿಲ್ಲ, ಆದರೆ ಬೇಗ ಮೊಂಡಾಗುವ ಗುಣ. ಅತ್ತಿಗೆ ಬಹಳ ಹೊತ್ತು ಅಲಗುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೊಂಡಾದ್ರೆ ಸಾಣೆ ಹಿಡೀಬಹುದು. ಅದು ನನ್ನ ಕೆಲಸ. ತುಕ್ಕು ಹಿಡಿದು ಕಚ್ಚಿಕೊಂಡ್ರೆ ಯಾರೇನು ಮಾಡಕ್ಕಾಗುತ್ತೆ?" ಎಂದು ಮೆತ್ತನೆಯದನ್ನೇ ಆರಿಸಿದಳು. ಅರ್ಧ ಅಲಗು ಹಲ್ಲಿನದು, ಹಗ್ಗಕ್ಕೆ. ಉಳಿದರ್ಧ ನುಣುಪು, ಎರೆಗೆ. ಹಿಡಿ ಹಳದಿ ರಬ್ಬರಿನದು, ಒದ್ದೆ ಕೈಗೂ ಜಾರದು, ಮೀನಿನ ರಾಶಿಯಲ್ಲಿ ಬಿದ್ದರೂ ಕಾಣುತ್ತದೆ. ಒರೆ ಪ್ಲಾಸ್ಟಿಕ್ಕಿನದು, ತಳದಲ್ಲಿ ನೀರು ಸೋರಲು ತೂತು. ಬಟನ್ನು ಗಿಟನ್ನು ಏನೂ ಇಲ್ಲ. ಹೆಬ್ಬೆರಳಲ್ಲಿ ಒತ್ತಿ ಎಳೆದರೆ ಬರಬೇಕು.

ಮೊನೆ ಮಾತ್ರ ಅವಳಿಗೆ ಹಿಡಿಸಲಿಲ್ಲ. ಅಲ್ಲಾಡುವ ದೋಣಿಯಲ್ಲಿ, ಇನ್ನೊಬ್ಬರ ಕಾಲಿನ ಪಕ್ಕದಲ್ಲಿ ಕೊಯ್ಯುವಾಗ ಚೂಪು ಮೊನೆ ಯಾಕೆ? ಕಲ್ಲಿಗೆ ಉಜ್ಜಿ ದುಂಡಗೆ ಮಾಡಿದಳು. ಫೋನಿನಲ್ಲಿ ಇದನ್ನು ಕೇಳಿ ಅಪ್ಪ ಹೌಹಾರಿದ. "ಅಯ್ಯೋ! ಹೊಸ ಚಾಕುವಿನ ಮೂಗು ಕೊಯ್ದ್ಯಾ?"

"ಮೂಗಿಗಿಂತ ನಾದಿನಿ ಕಾಲು ದೊಡ್ಡದು ಬಿಡಪ್ಪ."

ನಾದಿನಿಯ ಹಳೆಯ ಚಾಕುವನ್ನೂ ಅವಳು ಬಿಡಲಿಲ್ಲ. "ಬಗೆ ಸರಿಯಾಗಿದೆ. ನೋಡ್ಕೊಂಡ ರೀತಿ ಸರಿಯಿಲ್ಲ. ಹಲ್ಲೆಲ್ಲ ಮೊಂಡು. ಅವತ್ತು ಎರಡೇ ಎಳೆತಕ್ಕೆ ಆಗೋದು, ಎಷ್ಟು ಎಳೆದೆ ಗೊತ್ತಾ? ನಿನ್ನ ಕಾಲು ಅಲ್ಲಿ ನೇತಾಡ್ತಾ ಇತ್ತು."

"ತುಕ್ಕು ಹಿಡಿದ್ರೆ ಬಿಸಾಕಿ ಹೊಸದು ತರೋದು. ಅಪ್ಪನೂ ಹಾಗೇ ಮಾಡ್ತಿದ್ದ."

"ಬಿಸಾಕೋ ದಿನ ಬರೋವರೆಗೂ ಅದು ಕೊಯ್ಬೇಕಲ್ಲ!"

ಅಂದಿನಿಂದ ಶೆಡ್ಡಿನಲ್ಲಿ ಒಂದು ಪದ್ಧತಿ ಶುರುವಾಯಿತು. ದಡಕ್ಕೆ ಬಂದ ತಕ್ಷಣ, ಏಡಿ ಇಳಿಸುವ ಮೊದಲೇ, ಎರಡೂ ಚಾಕು ಸಿಹಿನೀರಿನ ಬಕೆಟ್ಟಿಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲಿನ ಸಂದು, ಹಿಡಿಯ ಬುಡ, ಒರೆಯ ಒಳಗು ಎಲ್ಲ ತಿಕ್ಕುವುದು. ಒರೆಸಿ, ಗಾಳಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬೆರಳ ತುದಿಯಲ್ಲಿ ಸವರುವುದು. ರಾತ್ರಿ ಚಾಕು ಒಂದು ಗೂಟಕ್ಕೆ, ಒರೆ ತಲೆಕೆಳಗಾಗಿ ಇನ್ನೊಂದು ಗೂಟಕ್ಕೆ. "ಗಂಡ ಹೆಂಡತಿ ಜಗಳ ಆಡಿದ ಹಾಗೆ ಬೇರೆ ಬೇರೆ ಮಲಗ್ಬೇಕು," ಎಂದು ಅತ್ತಿಗೆಯ ವ್ಯಾಖ್ಯಾನ. ವಾರಕ್ಕೊಮ್ಮೆ ಪೆನ್ಸಿಲಿನಷ್ಟು ತೆಳು ಅರ ಹಿಡಿದು ಒಂದೊಂದೇ ಹಲ್ಲನ್ನು ತೀಡುವಳು. ನಾದಿನಿ ಮೊದಮೊದಲು ಗೊಣಗಿದಳು. ಮೂರನೆಯ ವಾರ ಒಂದು ದಿನ ಅತ್ತಿಗೆ ಎಣ್ಣೆ ಹಚ್ಚಲು ಮರೆತಾಗ, "ಏ, ಎಣ್ಣೆ ಯಾರು ಹಚ್ತಾರೆ, ನಿಮ್ಮಪ್ಪ ಬಂದು ಹಚ್ತಾನಾ?" ಎಂದು ಕೂಗಿದವಳು ಅವಳೇ. ಅತ್ತಿಗೆಗೆ ಆ ಬೈಗುಳ ಕೇಳಿ ಹಾಯೆನಿಸಿತು.

ಅಷ್ಟು ಹೊತ್ತಿಗೆ ಗಂಡನ ಪ್ಲಾಸ್ಟರ್ ಬಿಚ್ಚಿದರು.

ಅದು ಸಂತೋಷದ ಸುದ್ದಿಯೇ. ಆದರೆ ಅಂದು ಊಟಕ್ಕೆ ಕೂತಾಗ ಹೆಂಗಸರಿಬ್ಬರೂ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ದೋಣಿ ಇಬ್ಬರಿಗಷ್ಟೇ ಆಗುವಂಥದು. ಜಾಗ ಅವನದು, ಕಾಲು ಸರಿಹೋಗುವವರೆಗೆ ಎಂದೇ ಅತ್ತಿಗೆ ಹೋದದ್ದು. ಹಠ ಹಿಡಿದು ಹತ್ತಿದ ದೋಣಿಯನ್ನು ಇಳಿಯಬೇಕೆಂದರೆ ಇಷ್ಟು ಸಂಕಟವಾಗಬಹುದೆಂದು ಅವಳೇ ಎಣಿಸಿರಲಿಲ್ಲ. ಆದರೂ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನ ಅಪ್ಪನ ದೋಣಿ ಅದು.

"ನಾಳೆ ನಾನು ಹೋಗ್ತೀನಿ," ಎಂದ ಗಂಡ.

ಬೆಳಿಗ್ಗೆ ಮೂವರೂ ದಡಕ್ಕೆ ಹೋದರು. ಅವನು ಬೂಟು ಹಾಕಿಕೊಂಡು ದೋಣಿಗೆ ಇಳಿದ. ಹೆಂಡತಿ ದಡದಲ್ಲಿ ನಿಂತಳು. ನಾದಿನಿ ಇಂಜಿನ್ ಶುರು ಮಾಡಿದಳು, ಎರೆಯ ವಾಸನೆಯೂ ಡೀಸೆಲ್ ಹೊಗೆಯೂ ಒಟ್ಟಿಗೆ ಎದ್ದವು. ಕಟ್ಟಿದ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಅವನ ಮುಖ ನಿಧಾನವಾಗಿ ಬೂದಿ ಬಣ್ಣಕ್ಕೆ ತಿರುಗಿತು. ಅಂಚಿಗೆ ಬಾಗಿ ಬೆಳಗಿನ ಚಹಾವನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ.

"ಏನಾಯ್ತೋ ಅಣ್ಣಾ? ಜ್ವರಾನಾ?"

ಅವನು ಬಾಯಿ ಒರೆಸಿಕೊಂಡು ಕೂತ. "ಜ್ವರ ಅಲ್ಲ. ದಿನಾ ಹೀಗೇ."

"ದಿನಾ ಅಂದ್ರೆ?"

"ದಿನಾ ಅಂದ್ರೆ ದಿನಾ. ಹದಿನೈದು ವರ್ಷದಿಂದ. ನೀನು ಮುಂದೆ ನೋಡ್ಕೊಂಡು ದೋಣಿ ಬಿಡ್ತಿದ್ದೆ, ನಾನು ಹಿಂದೆ ಕಕ್ಕೊಂಡು ಪಂಜರ ಇಳಿಸ್ತಿದ್ದೆ. ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಚುಕ್ಕಾಣಿ ನಿನಗೆ ಕೊಟ್ಟಿದ್ದು."

ನಾದಿನಿ ಇಂಜಿನ್ ಆರಿಸಿದಳು. "ಹೇಳೋದಲ್ವಾ?"

"ನಿನ್ನೊಬ್ಬಳನ್ನೇ ಕಳಿಸೋದು ಹೇಗೆ? ಬೇರೆ ಯಾರನ್ನ ನಂಬೋದು?" ಅವನು ದಡದ ಕಡೆ ನೋಡಿದ. "ಇವಳು ಬರ್ತಾಳೆ ಅಂತ ಗೊತ್ತಿದ್ರೆ ಮದುವೆಯಾದ ಮಾರನೇ ದಿನವೇ ಏಣಿಯಿಂದ ಬೀಳ್ತಿದ್ದೆ."

ಹೆಂಡತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಅವನು ಬೆಳಗಿನ ತಿಂಡಿ ಯಾಕೆ ಮುಟ್ಟುತ್ತಿರಲಿಲ್ಲವೆಂದು ಅವಳಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ತಾನು ಮಾಡಿದ್ದು ರುಚಿಯಿಲ್ಲವೇನೋ ಎಂದು ಎಷ್ಟು ದಿನ ಕೊರಗಿದ್ದಳೋ.

"ಎದ್ದು ಬನ್ನಿ ಈಚೆ," ಎಂದು ಕೈ ಚಾಚಿದಳು. ಅವನು ದಡಕ್ಕೆ ಹತ್ತಿದ, ಬೂಟು ಬಿಚ್ಚಿ ಅವಳಿಗೆ ಕೊಟ್ಟ. ಅವಳ ಬೂಟು ಶೆಡ್ಡಿನಲ್ಲೇ ಇತ್ತು. ಆದರೂ ಅವನದನ್ನೇ ಹಾಕಿಕೊಂಡಳು. ದೊಡ್ಡದಾಗಿತ್ತು.

"ಮಧ್ಯಾಹ್ನ ಏಡಿ ಮಾರೋದು ನನಗೆ ಬಿಡಿ," ಎಂದ ಅವನು, ಮುಖಕ್ಕೆ ಬಣ್ಣ ಮರಳುತ್ತಿತ್ತು. "ಏಡಿ ಕೊಳ್ಳೋ ಆ ಸಗಟಿನವನು ಹೇಳಿದ ರೇಟಿಗೆ ನೀವಿಬ್ಬರೂ ತಲೆ ಆಡಿಸ್ಕೊಂಡು ಬರ್ತೀರಿ. ನಾನು ಮನೇಲಿ ಕೂತು ನಿಮ್ಮ ಲೆಕ್ಕ ನೋಡಿಯೇ ಅವನ ಆಟ ಎಲ್ಲ ತಿಳ್ಕೊಂಡಿದ್ದೀನಿ."

ಅವತ್ತು ಸಾಲು ಎತ್ತಿ, ಚಾಕು ತೊಳೆದು ಒಣಗಲು ಹಾಕಿ, ಇಬ್ಬರೂ ಬುಟ್ಟಿ ಹೊತ್ತು ಶೆಡ್ಡಿನಿಂದ ಹೊರಗೆ ಬಂದಾಗ ಅವನು ಆಗಲೇ ಮೂವರು ವ್ಯಾಪಾರಿಗಳನ್ನು ಸುತ್ತ ನಿಲ್ಲಿಸಿಕೊಂಡು, ಇನ್ನೂ ಕಣ್ಣಲ್ಲಿ ಕಾಣದ ಏಡಿಯ ಗುಣಗಾನ ಮಾಡುತ್ತಿದ್ದ. ಸಗಟಿನವನು ಬೆವರೊರೆಸಿಕೊಳ್ಳುತ್ತಿದ್ದ. ಇನ್ನೊಬ್ಬ ಆಗಲೇ ಜೇಬಿಗೆ ಕೈ ಹಾಕಿದ್ದ.

ನಾದಿನಿ ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಇಷ್ಟು ವರ್ಷ ಇವನನ್ನ ತಪ್ಪು ಕಡೆ ನಿಲ್ಲಿಸಿದ್ದೆ ಕಣೇ," ಎಂದಳು.

"ಬುಟ್ಟಿ ಎತ್ತು," ಎಂದಳು ಅತ್ತಿಗೆ. "ಅವರು ಏಡಿ ನೋಡ್ಲಿ."